ಗೊಣಗಾಟದ ವ್ಯಾಕರಣ

ವ್ಯಾಕರಣದ ಪುಸ್ತಕಗಳಲ್ಲಿ ಕಾಲಗಳನ್ನು ಕುರಿತ ಅಧ್ಯಾಯದಷ್ಟು ನೀರಸವಾದದ್ದು ಬೇರೊಂದಿಲ್ಲವೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಭೂತ, ವರ್ತಮಾನ, ಭವಿಷ್ಯತ್ತು ಎಂಬ ಮೂರು ಕೋಣೆಗಳು, ಕೋಣೆಗೆ ನಾಲ್ಕರಂತೆ ಹನ್ನೆರಡು ಗೂಡುಗಳು, ಗೂಡಿಗೊಂದು ಕ್ರಿಯಾರೂಪ. ಇಂಗ್ಲಿಷ್ ಕಲಿಯುವ ನಮ್ಮ ಹುಡುಗರು ಈ ನಕ್ಷೆಯನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಪ್ರತಿದಿನವೂ ನಡೆಯುವ ಕೆಲಸಕ್ಕೆ ಸಾಮಾನ್ಯ ವರ್ತಮಾನ, ಈ ಕ್ಷಣದಲ್ಲಿ ನಡೆಯುತ್ತಿರುವ ಕೆಲಸಕ್ಕೆ ‘ಇಂಗ್’ ಹಚ್ಚಿದ ವರ್ತಮಾನ ಎಂಬ ಸೂತ್ರವನ್ನು ಒಪ್ಪಿಸಿದವನಿಗೆ ಅಂಕಗಳು ದೊರೆಯುತ್ತವೆ. ‘ಹಿ ರೈಟ್ಸ್’ ಎಂದರೆ ಅವನು ಬರೆಯುವವನು. ‘ಹಿ ಈಸ್ ರೈಟಿಂಗ್’ ಎಂದರೆ ಇಗೋ, ಈಗ ಬರೆಯುತ್ತಿದ್ದಾನೆ. ಅಲ್ಲಿಗೆ ಪಾಠ ಮುಗಿಯಿತು.

ಆದರೆ ಅದೇ ಹುಡುಗ ಒಂದು ದಿನ ಇಂಗ್ಲಿಷ್ ಕಥೆಯೊಂದನ್ನು ಓದುವಾಗ ಇಂಥದೊಂದು ವಾಕ್ಯ ಎದುರಾಗುತ್ತದೆ: ‘ಹಿ ಈಸ್ ಆಲ್ವೇಸ್ ಲೂಸಿಂಗ್ ಹಿಸ್ ಅಂಬ್ರೆಲಾ.’ ಕೊಡೆ ಕಳೆಯುವುದು ಆ ಮನುಷ್ಯನ ಅಭ್ಯಾಸ. ‘ಆಲ್ವೇಸ್’ ಎಂಬ ಮಾತೂ ಅದನ್ನೇ ಸಾರುತ್ತದೆ. ಈ ಕ್ಷಣದಲ್ಲಂತೂ ಅವನು ಯಾವ ಕೊಡೆಯನ್ನೂ ಕಳೆಯುತ್ತಿಲ್ಲ. ಪ್ರಾಯಶಃ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾನೆ. ಸೂತ್ರದ ಪ್ರಕಾರ ಇಲ್ಲಿ ‘ಇಂಗ್’ ರೂಪಕ್ಕೆ ಪ್ರವೇಶವೇ ಇಲ್ಲ. ಆದರೂ ಅದು ಅಲ್ಲಿ ಕುಳಿತಿದೆ, ಅದೂ ಮನೆಯ ಯಜಮಾನನ ಹಾಗೆ. ಬುದ್ಧಿವಂತ ಹುಡುಗ ಇದನ್ನು ಅಚ್ಚಿನ ತಪ್ಪೆಂದು ತಿಳಿಯುತ್ತಾನೆ. ಇನ್ನೂ ಬುದ್ಧಿವಂತನಾದವನು ಮೇಷ್ಟರನ್ನು ಕೇಳುತ್ತಾನೆ.

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷ್ ವಿಭಾಗದ ಬೇಲಿಯನ್ನು ದಾಟುವ ಅಧಿಕಾರ ನನಗಿಲ್ಲ. ಆದರೆ ಎರಡು ವಿಭಾಗಗಳಿಗೂ ಒಂದೇ ವಿಶ್ರಾಂತಿ ಕೊಠಡಿಯನ್ನು ಕೊಟ್ಟಿರುವ ಕಾಲೇಜಿನಲ್ಲಿ ಬೇಲಿ ಎಂಬುದು ನಾಮಮಾತ್ರದ್ದು. ಅಲ್ಲಿ ಹದಿನೈದು ವರ್ಷ ಕುಳಿತು ಕೇಳಿದ ಸಂಭಾಷಣೆಗಳಲ್ಲಿ ಬಹುಪಾಲು ಬೇರೆಯವರ ಅಭ್ಯಾಸಗಳನ್ನು ಕುರಿತವೇ. ಒಬ್ಬರು ಫ್ಯಾನು ಆರಿಸುವುದಿಲ್ಲ, ಇನ್ನೊಬ್ಬರು ತೆಗೆದುಕೊಂಡ ಪುಸ್ತಕವನ್ನು ಹಿಂದಿರುಗಿಸುವುದಿಲ್ಲ, ಮತ್ತೊಬ್ಬರು ಮೊಬೈಲ್ ಫೋನಿನಲ್ಲಿ ಇಡೀ ಕಟ್ಟಡಕ್ಕೆ ಕೇಳಿಸುವಂತೆ ಮಾತನಾಡುತ್ತಾರೆ. ಈ ದೂರುಗಳನ್ನು ಎರಡು ಭಾಷೆಗಳಲ್ಲಿ ಕೇಳುತ್ತ ಕೇಳುತ್ತ ನನಗೆ ಒಂದು ವಿಷಯ ಮನವರಿಕೆಯಾಯಿತು: ಗೊಣಗಾಟಕ್ಕೂ ತನ್ನದೇ ಆದ ವ್ಯಾಕರಣವಿದೆ, ಇಂಗ್ಲಿಷರು ಅದನ್ನು ಬಹು ಜಾಣತನದಿಂದ ಕ್ರಿಯಾಪದದೊಳಗೆ ಅಡಗಿಸಿಟ್ಟಿದ್ದಾರೆ.

ವೈಯಾಕರಣರು ಇದನ್ನು ಗಮನಿಸಿಲ್ಲವೆಂದಲ್ಲ. ನಮ್ಮ ದೇಶದ ಶಾಲೆಗಳಲ್ಲಿ ತಲೆಮಾರುಗಳಿಂದ ಆಳುತ್ತಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದ ಈಚಿನ ಆವೃತ್ತಿಗಳಲ್ಲೂ, ಬಿಡದೆ ಅಂಟಿಕೊಂಡ ಅಭ್ಯಾಸಕ್ಕೆ ಈ ರೂಪ ಸಲ್ಲುತ್ತದೆಂದು ಕೆಲವೇ ಸಾಲುಗಳಲ್ಲಿ ಹೇಳಿ ಮುಂದೆ ಸಾಗಲಾಗಿದೆ. ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆಫ್ರಿ ಲೀಚ್ ಇಂಗ್ಲಿಷ್ ಕ್ರಿಯಾಪದದ ಅರ್ಥವನ್ನೇ ವಿಷಯವಾಗಿಟ್ಟುಕೊಂಡು 1971ರಲ್ಲಿ ಪ್ರಕಟಿಸಿದ ಸಣ್ಣ ಗ್ರಂಥದಲ್ಲಿ, ಈ ಪ್ರಯೋಗದಲ್ಲಿ ಆಡುವವನ ಮನಸ್ಸಿನ ಬಣ್ಣ ಬೆರೆತಿರುತ್ತದೆಂದು ತೋರಿಸಿದ್ದಾರೆ. ಅವರಿಗಿಂತ ಬಹಳ ಹಿಂದೆಯೇ ಡೆನ್ಮಾರ್ಕಿನ ಮಹಾವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಈ ‘ಇಂಗ್’ ರೂಪವನ್ನು ಒಂದು ಚೌಕಟ್ಟಿಗೆ ಹೋಲಿಸಿದ್ದರು. ಒಂದು ಕ್ರಿಯೆ ಇನ್ನೊಂದು ಗಳಿಗೆಯನ್ನು ಸುತ್ತುವರಿದು ನಿಲ್ಲುತ್ತದೆ. ನಾವು ನೋಡಿದಾಗ ಅದು ಆಗಲೇ ಆರಂಭವಾಗಿರುತ್ತದೆ, ಇನ್ನೂ ಮುಗಿದಿರುವುದಿಲ್ಲ. ಇಂಗ್ಲಿಷರ ಭಾಷೆಯ ಸೂಕ್ಷ್ಮವನ್ನು ಇಂಗ್ಲಿಷನಲ್ಲದವನೊಬ್ಬ ಇಷ್ಟು ಚೆನ್ನಾಗಿ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಮನೆಯ ಬಾಗಿಲು ಕಿರುಗುಟ್ಟುವುದು ಅತಿಥಿಗಳಿಗೇ ಮೊದಲು ಕೇಳಿಸುತ್ತದೆ.

ಯೆಸ್ಪರ್ಸನ್ನರ ಚೌಕಟ್ಟನ್ನು ಹಿಡಿದು ಮತ್ತೆ ಆ ಕೊಡೆಯ ವಾಕ್ಯಕ್ಕೆ ಬರೋಣ. ‘ಇಂಗ್’ ಬಂದಕೂಡಲೇ ಕ್ರಿಯೆಯ ನಡುವೆ ಒಬ್ಬ ನೋಡುವವನು ನಿಂತಿದ್ದಾನೆಂದಾಯಿತು. ‘ಆಲ್ವೇಸ್’ ಬಂದಾಗ ಆ ನೋಡುವವನು ಮತ್ತೆ ಮತ್ತೆ, ದಿನವೂ, ಬೇಸರವಾಗುವಷ್ಟು ಸಲ ನೋಡಿದ್ದಾನೆಂದಾಯಿತು. ಇದನ್ನು ನಮ್ಮ ಕನ್ನಡದಲ್ಲಿ ಹೇಳುವುದು ಹೇಗೆ? ‘ಅವನು ಯಾವಾಗಲೂ ಕೊಡೆ ಕಳೆಯುತ್ತಾನೆ’ ಎಂದರೆ ಶಾಲೆಯ ಅನುವಾದವಾದೀತು. ಹಳ್ಳಿಯ ಜಗಲಿಯ ಮೇಲಿನ ಹೆಂಗಸು ಹಾಗೆ ಹೇಳುವುದಿಲ್ಲ. ಆಕೆ ಹೇಳುವುದು: ‘ಯಾವಾಗ ನೋಡಿದರೂ ಕೊಡೆ ಕಳೆದುಕೊಂಡು ಬರುತ್ತಿರುತ್ತಾನೆ.’ ಯಾವಾಗ ನೋಡಿದರೂ! ಇಂಗ್ಲಿಷ್ ವೈಯಾಕರಣರು ಪುಟಗಟ್ಟಲೆ ಬರೆದು ಬಿಡಿಸಬೇಕಾದ ಗುಟ್ಟನ್ನು ನಮ್ಮ ನುಡಿ ಎರಡು ಮಾತಿನಲ್ಲಿ ಬಯಲು ಮಾಡಿದೆ. ದೂರೆಂಬುದು ಅಭ್ಯಾಸದ ವರದಿಯಲ್ಲ. ಆ ಅಭ್ಯಾಸವನ್ನು ಕಾಣುತ್ತ ಬದುಕಬೇಕಾದವರ ಸಾಕ್ಷ್ಯ. ನೋಡುವವನಿಲ್ಲದೆ ಗೊಣಗಾಟವಿಲ್ಲ.

ಇದರಿಂದ ಇನ್ನೊಂದು ಸ್ವಾರಸ್ಯ ಹೊರಡುತ್ತದೆ. ಗೊತ್ತುಪಡಿಸಿದ, ಕ್ರಮಬದ್ಧವಾದ ಅಭ್ಯಾಸವನ್ನು ಇಂಗ್ಲಿಷರು ಈ ರೂಪದಿಂದ ಹೇಳುವುದಿಲ್ಲ. ತಿಂಗಳ ಮೊದಲನೆಯ ತಾರೀಖು ತಪ್ಪದೆ ಬಾಡಿಗೆ ಕೊಡುವವನನ್ನು ಕುರಿತು ‘ಹಿ ಆಲ್ವೇಸ್ ಪೇಸ್’ ಎನ್ನುತ್ತಾರೆ. ಆದರೆ ಹೇಳದೆ ಕೇಳದೆ, ಹೊತ್ತು ಗೊತ್ತಿಲ್ಲದೆ ಬಾಗಿಲು ತಟ್ಟಿ ನೂರು ರೂಪಾಯಿ ಕೈಗಡ ಕೇಳುವ ನೆರೆಯವನನ್ನು ಕುರಿತು ‘ಹಿ ಈಸ್ ಆಲ್ವೇಸ್ ಬಾರೋಯಿಂಗ್ ಮನಿ’ ಎನ್ನುತ್ತಾರೆ. ಮೊದಲನೆಯದರಲ್ಲಿ ನಿಯಮವಿದೆ, ಎರಡನೆಯದರಲ್ಲಿ ನಮ್ಮ ನಿಯಮಕ್ಕೆ ಭಂಗವಿದೆ. ಎಣಿಕೆಯಲ್ಲಿ ನೋಡಿದರೆ ಬಾಡಿಗೆ ಕೊಡುವವನು ವರ್ಷಕ್ಕೆ 12 ಸಲ ಬಂದಿರಬಹುದು, ಸಾಲ ಕೇಳುವವನು 5 ಸಲ ಮಾತ್ರ. ಆದರೂ ‘ಆಲ್ವೇಸ್’ ಎಂಬ ಪಟ್ಟದ ಭಾರ ಎರಡನೆಯವನ ತಲೆಯ ಮೇಲೆಯೇ ಹೆಚ್ಚು. ‘ಆಲ್ವೇಸ್’ ಸಾಲದಾದಾಗ ‘ಫಾರ್‌ಎವರ್’, ‘ಕಾನ್‌ಸ್ಟಂಟ್ಲಿ’, ‘ಪರ್ಪೆಚ್ಯುಅಲಿ’ ಮುಂತಾದ ಅನಂತವಾಚಕಗಳೂ ಸಿದ್ಧವಾಗಿವೆ. ಆಲಂಕಾರಿಕರು ಅತಿಶಯೋಕ್ತಿಯನ್ನು ಕಾವ್ಯದ ಭೂಷಣವೆಂದರು. ಅದು ಮೊದಲು ಅಡಿಗೆಮನೆಯಲ್ಲಿ ಹುಟ್ಟಿರಬೇಕೆಂದು ನನ್ನ ಗುಮಾನಿ.

ಈ ‘ಇಂಗ್’ ರೂಪ ಇಂಗ್ಲಿಷಿನಲ್ಲಿ ಹಿಂದೆ ಇಷ್ಟು ಧಾರಾಳವಾಗಿ ಓಡಾಡುತ್ತಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಪುಸ್ತಕ ಹಿಡಿದು ಬಂದ ರಾಜಕುಮಾರನನ್ನು ಪೊಲೋನಿಯಸ್ ಏನು ಓದುತ್ತಿರುವೆಯೆಂದು ಕೇಳುವುದು ಸಾಮಾನ್ಯ ವರ್ತಮಾನದಲ್ಲಿಯೇ. ಇಂದಿನ ಇಂಗ್ಲಿಷನು ಹಾಗೆ ಕೇಳಲಾರ. ಮುಂದಿನ ಶತಮಾನಗಳಲ್ಲಿ ಈ ರೂಪ ಹಬ್ಬುತ್ತ ಹೋಯಿತು. ಅದು ಹಬ್ಬಿದ ಬಗೆಯನ್ನು ಕಂಡು ಸಿಡಿಮಿಡಿಗೊಂಡವರೂ ಇದ್ದರು. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ ಎಂಬ ವಿಮರ್ಶಕ 1870ರ ತನ್ನ ಪುಸ್ತಕದಲ್ಲಿ, ಮನೆ ಕಟ್ಟಲಾಗುತ್ತಿದೆ ಎಂಬರ್ಥದ ‘ಈಸ್ ಬೀಯಿಂಗ್ ಬಿಲ್ಟ್’ ಎಂಬಂಥ ಪ್ರಯೋಗಗಳ ವಿರುದ್ಧ ಒಂದು ಇಡೀ ಅಧ್ಯಾಯವನ್ನೇ ಬರೆದ. ಜನ ಕೇಳಲಿಲ್ಲ. ಬೇರೆಯವರ ಅಭ್ಯಾಸಗಳ ಮೇಲಿನ ದೂರುಗಳಲ್ಲಿ ಮಾತಿನ ಅಭ್ಯಾಸದ ಮೇಲಿನ ದೂರು ಅತ್ಯಂತ ನಿಷ್ಫಲವಾದದ್ದು. ಭಾಷೆಯ ಅಧ್ಯಾಪಕರಾದ ನಮಗೆ ಅದರ ಅನುಭವ ಸಾಕಷ್ಟಿದೆ.

ಗೊಣಗಾಟದ ಇನ್ನೊಂದು ಆಯುಧ ‘ವಿಲ್’. ಭವಿಷ್ಯತ್ಕಾಲದ ಗುರುತೆಂದು ನಾವು ಕಲಿತ ಈ ಪುಟ್ಟ ಮಾತಿನ ಮೂಲಾರ್ಥ ಬಯಸು, ಮನಸ್ಸುಮಾಡು ಎಂಬುದು. ಹಳೆಯ ಇಂಗ್ಲಿಷಿನಲ್ಲಿ ಅದು ಇಚ್ಛೆಯನ್ನು ಹೇಳುವ ಪೂರ್ಣ ಕ್ರಿಯಾಪದವಾಗಿತ್ತು. ಕಾಲಕ್ರಮದಲ್ಲಿ ಇಚ್ಛೆ ಸವೆದು ಬರಿಯ ಭವಿಷ್ಯತ್ತು ಉಳಿಯಿತು. ಆದರೆ ಸಿಟ್ಟು ಬಂದಾಗ ಭಾಷೆಯ ಹಳೆಯ ಪದರಗಳು ಮೇಲೇಳುತ್ತವೆ. ಮಲಗುವ ಕೋಣೆಯಲ್ಲಿ ಸಿಗರೇಟು ಸೇದುವ ಗಂಡನನ್ನು ಕುರಿತು ಹೆಂಡತಿ ‘ಹಿ ವಿಲ್ ಸ್ಮೋಕ್ ಇನ್ ದ ಬೆಡ್‌ರೂಂ’ ಎಂದು ‘ವಿಲ್’ ಅನ್ನು ಒತ್ತಿ ಹೇಳಿದರೆ, ಅವನು ನಾಳೆ ಸೇದುವನೆಂಬ ಭವಿಷ್ಯವಾಣಿ ಅದಲ್ಲ. ಬೇಡವೆಂದರೂ ಕೇಳುವುದಿಲ್ಲ, ಹಠ ಹಿಡಿದವನ ಹಾಗೆ ಸೇದಿಯೇ ಸೇದುತ್ತಾನೆ ಎಂದರ್ಥ. ನೂರಾರು ವರ್ಷಗಳ ಹಿಂದೆ ಸತ್ತುಹೋದ ಇಚ್ಛಾರ್ಥ ಆ ಒತ್ತಿನ ಬಲದಿಂದ ಎದ್ದು ಕೂರುತ್ತದೆ.

ಇಲ್ಲಿ ಒತ್ತೇ ಪ್ರಾಣ. ಆ ‘ವಿಲ್’ ಅನ್ನು ಕುಗ್ಗಿಸಿ ‘ಹೀಲ್’ ಎಂದುಬಿಟ್ಟರೆ ದೂರು ಮಾಯವಾಗುತ್ತದೆ. ‘ಹೀಲ್ ಸಿಟ್ ದೇರ್ ಫಾರ್ ಅವರ್ಸ್’ ಎಂದರೆ ಗಂಟೆಗಟ್ಟಲೆ ಅಲ್ಲಿ ಕೂತಿರುತ್ತಾನೆ, ಪಾಪ, ಅವನ ಸ್ವಭಾವವೇ ಹಾಗೆ ಎಂಬ ಸಮಾಧಾನದ ಮಾತು. ಬರೆದರೆ ಒಂದೆರಡು ಅಕ್ಷರಗಳ ವ್ಯತ್ಯಾಸ. ಮನೆಯೊಳಗೆ ಯುದ್ಧ-ಶಾಂತಿಗಳ ವ್ಯತ್ಯಾಸ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ: ಕಾಕು. ಧ್ವನಿಯ ಏರಿಳಿತದಿಂದಲೇ ವಾಕ್ಯದ ಅರ್ಥ ಬೇರೆಯಾಗುವುದನ್ನು ನಮ್ಮವರು ಬಹು ಹಿಂದೆಯೇ ಗುರುತಿಸಿದ್ದರು. ಕಾಕುವಿನ ಪಾಠ ಮಾಡುವಾಗ ಸಂಸ್ಕೃತ ನಾಟಕದ ಉದಾಹರಣೆಗಳ ಜೊತೆಗೆ ಈ ಇಂಗ್ಲಿಷ್ ಹೆಂಡತಿಯ ವಾಕ್ಯವನ್ನೂ ನಾನು ಸೇರಿಸಿಕೊಂಡಿದ್ದೇನೆ. ಕೊನೆಯ ಬೆಂಚಿನವರು ಕೂಡ ಎಚ್ಚರವಾಗುತ್ತಾರೆ.

‘ವಿಲ್’ನ ಭೂತರೂಪವಾದ ‘ವುಡ್’ಗೆ ಇನ್ನೂ ಹರಿತವಾದ ನಾಲಿಗೆ. ಯಾರಾದರೂ ತಮ್ಮ ಸ್ವಭಾವಕ್ಕೆ ತಕ್ಕ ಮಾತನ್ನೇ ಆಡಿದಾಗ ‘ಯೂ ವುಡ್ ಸೇ ದ್ಯಾಟ್’ ಎಂದರೆ ಮುಗಿಯಿತು: ನೀನಲ್ಲದೆ ಇನ್ಯಾರು ಹಾಗೆನ್ನುತ್ತಾರೆ! ಇನ್ನು ‘ಮಸ್ಟ್ ಯೂ ವಿಸಲ್?’ ಎಂಬ ಪ್ರಶ್ನೆ, ಸಿಳ್ಳೆ ಹಾಕುವುದು ನಿನಗೆ ವಿಧಿಸಿದ ಕರ್ತವ್ಯವೋ ಎಂದು ಕೇಳುವ ಕುಹಕ. ‘ಐ ವಿಶ್ ಯೂ ವುಡಂಟ್’ ಎಂಬ ಹಾರೈಕೆಯ ರೂಪದ ಬೈಗಳೂ ಉಂಟು; ಅದರ ವಿಚಿತ್ರವೆಂದರೆ, ಅದನ್ನು ತನ್ನ ಮೇಲೆಯೇ ಯಾರೂ ಪ್ರಯೋಗಿಸಿಕೊಳ್ಳುವಂತಿಲ್ಲ. ‘ಐ ವಿಶ್ ಐ ವುಡಂಟ್’ ಎಂದರೆ ಇಂಗ್ಲಿಷ್ ಕಿವಿಗೆ ಅದು ತೊಡರುತ್ತದೆ. ಬೇರೆಯವರ ಇಚ್ಛೆಯ ಮೇಲೆ ಮಾತ್ರ ದೂರಬಹುದು, ತನ್ನ ಇಚ್ಛೆಯ ಮೇಲಲ್ಲ ಎಂಬ ಮನುಷ್ಯಸ್ವಭಾವವನ್ನೇ ವ್ಯಾಕರಣ ನಿಯಮವನ್ನಾಗಿ ಮಾಡಿಬಿಟ್ಟಿದೆ.

ಇಷ್ಟು ಹೊತ್ತು ಇಂಗ್ಲಿಷಿನ ಜಾಣತನವನ್ನು ಹೊಗಳಿದ್ದಾಯಿತು. ಕನ್ನಡಿಗರು ಗೊಣಗುವುದರಲ್ಲಿ ಹಿಂದೆ ಬಿದ್ದವರೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮಲ್ಲಿ ‘ಹೋಗು’ ಎಂಬ ಕ್ರಿಯಾಪದ ಎಲ್ಲಿಗೂ ಹೋಗದೆ ದೂರು ಹೇಳಬಲ್ಲದು: ‘ಹೋಗಿ ಹೋಗಿ ಅವನಿಗೆ ಹೇಳಿದೆಯಲ್ಲ!’ ಇಂಗ್ಲಿಷಿನಲ್ಲಿಯೂ ‘ಯೂ ವೆಂಟ್ ಅಂಡ್ ಟೋಲ್ಡ್ ಹಿಮ್’ ಎಂಬಲ್ಲಿ ಇದೇ ನಿಷ್ಪ್ರಯಾಣವಾದ ಹೋಗುವಿಕೆಯಿದೆ. ಸಂಬಂಧವೇ ಇಲ್ಲದ ಎರಡು ಭಾಷಾವಂಶಗಳು ಸಿಟ್ಟಿನ ದಾರಿಯಲ್ಲಿ ಹೀಗೆ ಒಂದೇ ತಿರುವಿನಲ್ಲಿ ಭೇಟಿಯಾಗುವುದು ಸೋಜಿಗವಲ್ಲವೆ? ‘ಹಾಕು’ ಎಂಬುದು ಇನ್ನೊಂದು. ‘ತಿಂದ’ ಎಂಬುದು ಸಂಗತಿ, ‘ತಿಂದುಹಾಕಿದ’ ಎಂಬುದು ಫಿರ್ಯಾದು. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಅಂತೆ’. ಪರರಿಂದ ಕೇಳಿದ ಸುದ್ದಿಯೆಂದು ಸೂಚಿಸುವುದು ಅದರ ಸಾಧುವಾದ ಕೆಲಸ. ಆದರೆ ಮದುವೆಯ ಕೆಲಸಕ್ಕೆ ಬಾರದ ಬಂಧುವನ್ನು ಕುರಿತು ‘ಅವರಿಗೆ ಪುರುಸೊತ್ತಿಲ್ಲವಂತೆ!’ ಎಂದಾಗ ಆ ‘ಅಂತೆ’ ಸುದ್ದಿಯನ್ನು ಮುಟ್ಟಿಸುತ್ತಲೇ ಅದರ ಮೇಲಿನ ಅವಿಶ್ವಾಸವನ್ನೂ, ಹೇಳಿದವರ ಮೇಲಿನ ತಿರಸ್ಕಾರವನ್ನೂ ಒಟ್ಟಿಗೆ ಮುಟ್ಟಿಸುತ್ತದೆ. ಇದನ್ನು ಇಂಗ್ಲಿಷಿಗೆ ತರಬೇಕಾದರೆ ಹುಬ್ಬನ್ನೂ ಜೊತೆಗೆ ಕಳುಹಿಸಬೇಕು.

ಕ್ರಿಯಾಪದದಲ್ಲಿ ಇಷ್ಟು ಸಂಪತ್ತಿದ್ದರೂ, ದೂರುವಾಗ ನಾವು ಬೇಗ ಕೈಹಾಕುವುದು ನಾಮಪದದ ಬುಟ್ಟಿಗೆ. ಅಳುವವನು ಅಳುಬುರುಕ, ಸುಳ್ಳು ಹೇಳಿದವನು ಸುಳ್ಳುಬುರುಕ, ಹೆಚ್ಚು ಮಾತನಾಡಿದವಳು ಬಾಯಿಬಡುಕಿ, ಮರೆತವನು ಮರೆಗುಳಿ, ತಿಂದವನು ತಿಂಡಿಪೋತ, ಇನ್ನೂ ಸ್ವಲ್ಪ ತಿಂದರೆ ಹೊಟ್ಟೆಬಾಕ, ಇಲ್ಲಿಯದನ್ನು ಅಲ್ಲಿ ಹೇಳಿದವನು ಚಾಡಿಕೋರ. ತದ್ಧಿತಪ್ರತ್ಯಯಗಳ ಪಾಠದಲ್ಲಿ ನಾವು ಹುಡುಗರಿಗೆ ಹೂವಾಡಿಗ, ಬಳೆಗಾರ, ಗುಣವಂತ ಎಂಬ ಸಭ್ಯ ಉದಾಹರಣೆಗಳನ್ನು ಕೊಟ್ಟು ಸುಮ್ಮನಾಗುತ್ತೇವೆ. ಆಡುನುಡಿಯಲ್ಲಿ ನಿಜವಾಗಿ ದುಡಿಯುತ್ತಿರುವವು ಈ ಬುರುಕ, ಬಡುಕ, ಗುಳಿ, ಬಾಕ, ಪೋತಗಳೇ. ಮನುಷ್ಯನ ಒಂದು ಕ್ರಿಯೆಯನ್ನು ತೆಗೆದುಕೊಂಡು ಅದನ್ನೇ ಅವನ ಹೆಸರನ್ನಾಗಿ ಮಾಡುವ ಯಂತ್ರಗಳು ಇವು. ಇಂಗ್ಲಿಷಿನಲ್ಲಿಯೂ ಇಂಥ ಪದಗಳಿಲ್ಲದಿಲ್ಲ; ‘ಚ್ಯಾಟರ್‌ಬಾಕ್ಸ್’, ‘ಬ್ಯುಸಿಬಾಡಿ’ ಮೊದಲಾದವನ್ನು ನಮ್ಮ ಹುಡುಗರೂ ಬಲ್ಲರು. ಆದರೆ ನಮ್ಮ ಯಂತ್ರದ ವೇಗ ಅವರದಕ್ಕಿಲ್ಲ.

ನಾಮಪದಕ್ಕೂ ಕ್ರಿಯಾಪದಕ್ಕೂ ಇರುವ ಈ ಭೇದ ಬರಿಯ ವ್ಯಾಕರಣದ ಭೇದವಲ್ಲ. ‘ಇವನು ಸುಳ್ಳು ಹೇಳುತ್ತಿರುತ್ತಾನೆ’ ಎಂದರೆ ನಾಳೆ ನಿಜ ಹೇಳಲು ಅವನಿಗೆ ಅವಕಾಶವಿದೆ. ‘ಇವನು ಸುಳ್ಳುಬುರುಕ’ ಎಂದರೆ ಕದ ಮುಚ್ಚಿತು. ಶಾಲಾ ಕಾಲೇಜುಗಳಲ್ಲಿ ತಂದೆತಾಯಿಗಳನ್ನು ಕರೆಸಿ ಮಕ್ಕಳ ವಿಷಯ ಮಾತನಾಡುವ ಸಂದರ್ಭಗಳನ್ನು ನಾನು ಕಂಡಿದ್ದೇನೆ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ‘ಇವನೊಬ್ಬ ಸೋಮಾರಿ’ ಎಂದು ಅಧ್ಯಾಪಕ ಹೇಳುವುದನ್ನೂ, ‘ಇತ್ತೀಚೆಗೆ ಕೆಲಸ ತಪ್ಪಿಸುತ್ತಲೇ ಇದ್ದಾನೆ’ ಎಂದು ಹೇಳುವುದನ್ನೂ ಕೇಳಿದ್ದೇನೆ. ಎರಡನೆಯ ಮಾತನ್ನು ಕೇಳಿದ ಹುಡುಗ ತಲೆ ತಗ್ಗಿಸುತ್ತಾನೆ. ಮೊದಲನೆಯದನ್ನು ಕೇಳಿದವನು ತಲೆ ತಗ್ಗಿಸುವುದಿಲ್ಲ. ಅವನಿಗೆ ಒಂದು ಪದವಿ ದೊರೆತಿದೆ, ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದಷ್ಟೇ ಉಳಿದಿದೆ.

ಈ ಭೇದವನ್ನು ಇಂಗ್ಲಿಷು ಎಷ್ಟು ನವುರಾಗಿ ಮಾಡುತ್ತದೆಂಬುದಕ್ಕೆ ಒಂದೇ ನಿದರ್ಶನ ಸಾಕು. ‘ಯೂ ಆರ್ ರೂಡ್’ ಎಂದರೆ ನೀನು ಒರಟ. ‘ಯೂ ಆರ್ ಬೀಯಿಂಗ್ ರೂಡ್’ ಎಂದರೆ ಈ ಹೊತ್ತು ನೀನು ಒರಟಾಗಿ ನಡೆದುಕೊಳ್ಳುತ್ತಿದ್ದೀಯೆ. ನಿನ್ನೆ ಹೀಗಿರಲಿಲ್ಲ, ಸಂಜೆಗೆ ಸರಿಹೋಗಬಹುದು. ‘ಬೀಯಿಂಗ್’ ಎಂಬ ಒಂದು ಪದವನ್ನು ನಡುವೆ ತೂರಿಸಿ ಸ್ವಭಾವವನ್ನು ನಡತೆಯನ್ನಾಗಿ ಮಾಡಿಬಿಟ್ಟರು. ವಕೀಲನೊಬ್ಬ ಜೀವಾವಧಿ ಶಿಕ್ಷೆಯನ್ನು ಒಂದು ದಿನದ ದಂಡಕ್ಕೆ ಇಳಿಸಿದಂತೆ! ಇಂಥ ರೂಪ ಇದ್ದಮಾತ್ರಕ್ಕೆ ಇಂಗ್ಲಿಷರೆಲ್ಲ ಕರುಣಾಳುಗಳೆಂದು ನಾನು ಹೇಳುತ್ತಿಲ್ಲ. ಎರಡು ಶತಮಾನಗಳ ಆಳ್ವಿಕೆಯಲ್ಲಿ ಅವರು ನಮ್ಮವರ ಮೇಲೆ ನಾಮಪದಗಳನ್ನೇ ಧಾರಾಳವಾಗಿ ಬಳಸಿದರು. ಭಾಷೆ ಸಾಧನವನ್ನು ಒದಗಿಸುತ್ತದೆ. ಬಳಸುವುದು, ಬಿಡುವುದು ಆಡುವವನಿಗೆ ಸೇರಿದ್ದು.

ನಮ್ಮ ವಿದ್ಯಾರ್ಥಿಗಳ ಇಂಗ್ಲಿಷಿಗೂ ಈ ವಿಷಯಕ್ಕೂ ಒಂದು ನಂಟಿದೆ. ‘ಇಂಗ್’ ಎಂದರೆ ನಮಗೆ ಬಹಳ ಪ್ರೀತಿ. ‘ಐ ಆಮ್ ಕಮಿಂಗ್ ಬೈ ಬಸ್ ಡೈಲಿ’ ಎಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ದಿನವೂ ಬಸ್ಸಿನಲ್ಲಿ ಬರುತ್ತಾ ಇದ್ದೇನೆ ಎಂಬ ನಮ್ಮ ನುಡಿಗಟ್ಟಿನ ನೆರಳು ಅದು. ಭಾರತದ ಇತರ ಭಾಷೆಗಳವರೂ ಹೀಗೆಯೇ ಹೇಳುತ್ತಾರೆ. ಮುಂಬಯಿಯ ಕವಿ ನಿಸ್ಸಿಂ ಎಝೆಕಿಯೆಲ್ ಇದನ್ನೇ ಹಿಡಿದು ಪುಷ್ಪಾ ಎಂಬಾಕೆಯ ಬೀಳ್ಕೊಡುಗೆಯ ಪ್ರಸಿದ್ಧ ವಿನೋದಕವಿತೆಯನ್ನು ಕಟ್ಟಿದರು. ನಕ್ಕು ಸುಮ್ಮನಾಗುವುದು ಸುಲಭ. ಆದರೆ ಈ ‘ಇಂಗ್’ ಜೊತೆಗೆ ‘ಆಲ್ವೇಸ್’ ಸೇರಿದಾಗ ನಾವು ಆಡದ ದೂರನ್ನು ಕೇಳುವವರು ಕೇಳಿಸಿಕೊಳ್ಳುವ ಅಪಾಯವುಂಟು.

ಕೆಲವು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ದ್ವಿತೀಯ ಬಿ.ಎ. ತರಗತಿಯ ಹುಡುಗಿಯೊಬ್ಬಳು ತನ್ನ ತಂದೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಟ್ಟ ಲೇಖನ ಕೊಟ್ಟಿದ್ದಳು. ಅದರಲ್ಲಿ ‘ಮೈ ಫಾದರ್ ಈಸ್ ಆಲ್ವೇಸ್ ಹೆಲ್ಪಿಂಗ್ ದ ನೇಬರ್ಸ್’ ಎಂಬ ವಾಕ್ಯವಿತ್ತು. ಸಂಪಾದಕರಾಗಿದ್ದ ಇಂಗ್ಲಿಷ್ ಅಧ್ಯಾಪಕರು ಅದನ್ನು ಹೊಡೆದುಹಾಕಿ ‘ಆಲ್ವೇಸ್ ಹೆಲ್ಪ್ಸ್’ ಎಂದು ತಿದ್ದಿದರು. ಹುಡುಗಿಗೆ ತಪ್ಪೇನೆಂದು ತಿಳಿಯಲಿಲ್ಲ. ವಿಶ್ರಾಂತಿ ಕೊಠಡಿಗೆ ಬಂದು ಕೇಳಿದಳು; ಅವರು ವಿವರಿಸಿದರು. ‘ನೀನು ಬರೆದ ಹಾಗೆ ಬಿಟ್ಟರೆ, ನಿಮ್ಮ ತಂದೆ ನೆರೆಯವರಿಗೆ ಸಹಾಯ ಮಾಡುವುದು ನಿನಗೆ ಸಾಕಾಗಿಹೋಗಿದೆ ಎಂಬ ಅರ್ಥ ಬರುತ್ತದೆ’ ಎಂದರು.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ ನಕ್ಕಳು. ಆಮೇಲೆ ಹೇಳಿದಳು: ಅವಳ ತಂದೆ ಊರವರ ಅರ್ಜಿಗಳನ್ನು ಬರೆದುಕೊಡಲು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು, ತಾಲ್ಲೂಕು ಕಚೇರಿಯಲ್ಲಿ ಸರತಿಯಲ್ಲಿ ನಿಲ್ಲಲು ಎಂದೂ ಇಲ್ಲವೆನ್ನುವವರಲ್ಲ. ತಮ್ಮ ಮನೆಯ ಸೋರುವ ಮಾಡಿಗೆ ಹೆಂಚು ಹೊದಿಸಲು ಮಾತ್ರ ಅವರಿಗೆ ಮೂರು ಮಳೆಗಾಲಗಳಿಂದ ಬಿಡುವಾಗಿರಲಿಲ್ಲ. ‘ಅಮ್ಮ ಹೇಳುವುದೂ ಹಾಗೆಯೇ ಸರ್, ಯಾವಾಗ ನೋಡಿದರೂ ಊರವರ ಕೆಲಸ ಮಾಡುತ್ತಲೇ ಇರುತ್ತಾರೆ ಅಂತ.’ ಅವಳಿಗೆ ಬೇಕಾಗಿದ್ದದ್ದು ಎರಡೂ ಅರ್ಥಗಳು. ತಂದೆಯ ಬಗ್ಗೆ ಹೆಮ್ಮೆಯೂ ಇತ್ತು, ಮಾಡಿನಿಂದ ತೊಟ್ಟಿಕ್ಕುವ ನೀರೂ ಇತ್ತು. ‘ಹೆಲ್ಪ್ಸ್’ ಎಂದರೆ ಪ್ರಶಸ್ತಿಪತ್ರದ ತಂದೆ. ‘ಹೆಲ್ಪಿಂಗ್’ ಎಂದರೆ ಅವಳ ಮನೆಯ ತಂದೆ. ನನ್ನ ಸಹೋದ್ಯೋಗಿಗಳು ರಸಿಕರು. ತಾವು ಹೊಡೆದುಹಾಕಿದ್ದನ್ನೇ ಮರಳಿ ಬರೆದು ಅಚ್ಚಿಗೆ ಕಳುಹಿಸಿದರು.

ಇದನ್ನು ಪಠ್ಯಪುಸ್ತಕಗಳು ಸಾಕಷ್ಟು ಒತ್ತಿ ಹೇಳುವುದಿಲ್ಲವೆಂಬುದೇ ನನ್ನ ತಕರಾರು. ‘ಆಲ್ವೇಸ್’ ಜೊತೆಗಿನ ‘ಇಂಗ್’ ರೂಪ ಕಿರಿಕಿರಿಯನ್ನು ಸೂಚಿಸುತ್ತದೆಂದು ಬರೆದು, ಅದರ ಎದುರಿಗೆ ಹಲ್ಲು ಕಡಿಯುವ ಮನುಷ್ಯನ ಚಿತ್ರ ಹಾಕಿದರೆ ಅರ್ಧ ಸತ್ಯ ಹೇಳಿದಂತಾಯಿತು. ಅದೇ ರೂಪ ಅಕ್ಕರೆಯನ್ನೂ ಹೇಳುತ್ತದೆ. ‘ಶೀ ಈಸ್ ಆಲ್ವೇಸ್ ಗಿವಿಂಗ್ ದ ಚಿಲ್ಡ್ರನ್ ಸ್ವೀಟ್ಸ್’ ಎಂಬ ವಾಕ್ಯವನ್ನು ಹಲ್ಲಿನ ವೈದ್ಯನೂ ಆಡಬಹುದು, ಮೊಮ್ಮಕ್ಕಳೂ ಆಡಬಹುದು. ಅಳತೆ ಮೀರಿತು ಎಂಬುದಷ್ಟೇ ವ್ಯಾಕರಣದ ಮಾತು. ಅಳತೆ ಮೀರಿದ್ದು ಸಹಿಸಲಸದಳವೋ ಸವಿಯೋ ಎಂಬುದನ್ನು ಮಾತನಾಡುವವನ ಮುಖ ಹೇಳಬೇಕು. ಸಿಡುಕಿಗೂ ಸಲಿಗೆಗೂ ಒಂದೇ ಕ್ರಿಯಾರೂಪವನ್ನು ಇಟ್ಟುಕೊಂಡಿರುವುದು ಭಾಷೆಯ ಬಡತನವೆಂದು ನಾನು ಎಣಿಸುವುದಿಲ್ಲ. ಯಾರೊಡನೆ ನಾವು ಬದುಕುವುದಿಲ್ಲವೋ ಅವರ ಅಭ್ಯಾಸಗಳು ನಮಗೆ ಗೊತ್ತೇ ಆಗುವುದಿಲ್ಲ. ‘ಯಾವಾಗ ನೋಡಿದರೂ’ ಎನ್ನಬೇಕಾದರೆ ದಿನವೂ ನೋಡುವಷ್ಟು ಹತ್ತಿರವಿರಬೇಕು.

ಈ ವಾಕ್ಯಗಳು ಭೂತಕಾಲಕ್ಕೆ ಸರಿದಾಗ ಅವುಗಳ ಬಣ್ಣವೇ ಬದಲಾಗುತ್ತದೆ. ‘ಬಾಗಿಲಿನಲ್ಲೇ ಚಪ್ಪಲಿ ಬಿಡುತ್ತಲೇ ಇರುತ್ತಾರೆ’ ಎಂಬುದು ಜಗಳದ ಆರಂಭ. ‘ಬಾಗಿಲಿನಲ್ಲೇ ಚಪ್ಪಲಿ ಬಿಡುತ್ತಲೇ ಇರುತ್ತಿದ್ದರು’ ಎಂದು ಯಾರಾದರೂ ಹೇಳಿದರೆ ನಾವು ಮಾತು ನಿಲ್ಲಿಸುತ್ತೇವೆ. ಒಂದೂ ಪದ ಬದಲಾಗಿಲ್ಲ, ಕಾಲ ಮಾತ್ರ ಬದಲಾಗಿದೆ. ‘ಈಸ್ ಆಲ್ವೇಸ್’ ಎಂಬುದು ‘ವಾಸ್ ಆಲ್ವೇಸ್’ ಆದಾಗ ಇಂಗ್ಲಿಷರಿಗೂ ಹೀಗೆಯೇ ಆಗುತ್ತದೆ.

ಇಂಗ್ಲಿಷರ ಗೊಣಗಾಟದ ಸಾಹಿತ್ಯದಲ್ಲಿ ಮೇಲುಗೈಯಾದ ಗ್ರಂಥವೊಂದಿದೆ. ಡಗ್ಲಸ್ ಜೆರಲ್ಡ್ ಎಂಬ ಲೇಖಕ 1845ರಲ್ಲಿ ಲಂಡನ್ನಿನ ಪಂಚ್ ಪತ್ರಿಕೆಯಲ್ಲಿ ಬರೆದ ಮಿಸೆಸ್ ಕಾಡಲ್ ಅವರ ಪರದೆಯ ಉಪನ್ಯಾಸಗಳು. ಹಾಸಿಗೆಯ ಸುತ್ತ ಪರದೆ ಕಟ್ಟಿಕೊಂಡು ಮಲಗುತ್ತಿದ್ದ ಕಾಲ ಅದು. ಗಂಡನಿಗೆ ಹೆಂಡತಿ ರಾತ್ರಿ ಮಾಡುವ ಬುದ್ಧಿವಾದಕ್ಕೆ ‘ಕರ್ಟನ್ ಲೆಕ್ಚರ್’ ಎಂಬ ಮಾತು ಆ ಭಾಷೆಯಲ್ಲಿ ಮೊದಲೇ ಇತ್ತು. ದೀಪವಾರಿದ ಮೇಲೆ ಶ್ರೀಮತಿ ಕಾಡಲ್ ಬಾಯಿ ತೆರೆಯುತ್ತಾಳೆ. ಗಂಡ ಗೆಳೆಯನಿಗೆ ಐದು ಪೌಂಡು ಸಾಲ ಕೊಟ್ಟದ್ದು, ಮನೆಯ ಕೊಡೆಯನ್ನು ಯಾರಿಗೋ ಕೊಟ್ಟು ಕಳುಹಿಸಿದ್ದು, ಅಂಗಿಗೆ ಗುಂಡಿ ಇಲ್ಲವೆಂದು ಎತ್ತಿ ಆಡಿದ್ದು, ಒಂದೊಂದು ರಾತ್ರಿಗೆ ಒಂದೊಂದು ವಿಷಯ. ಪಂಚ್‌ನ ಓದುಗರು ವಾರವಾರವೂ ಕಾದು ಓದಿ ನಕ್ಕರು.

ಆ ಉಪನ್ಯಾಸಗಳನ್ನು ಬರೆದಿಟ್ಟವನು ಯಾರೆಂಬ ಕಲ್ಪನೆಯನ್ನೂ ಜೆರಲ್ಡ್ ಆರಂಭದಲ್ಲಿಯೇ ಕಟ್ಟಿದ್ದಾನೆ. ಬರೆದವನು ಗಂಡನೇ, ಜೋಬ್ ಕಾಡಲ್. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ರಾತ್ರಿ ನಿದ್ರೆ ಹತ್ತುವುದಿಲ್ಲ. ಆ ಧ್ವನಿ ಕಿವಿಯಲ್ಲಿ ನಡೆದೇ ಇರುತ್ತದೆ. ಕೊನೆಗೆ ಅವನು ನೆನಪಿನಿಂದ ಒಂದೊಂದು ದೂರನ್ನೂ, ಅದು ನಡೆದ ಸಂದರ್ಭದೊಡನೆ, ಕಾಗದದ ಮೇಲೆ ಬರೆಯತೊಡಗುತ್ತಾನೆ.